ಆಟೋ ಐಡಲ್: ಕೆಲಸವಿಲ್ಲದ ಹೊತ್ತಿನ ಇಂಜಿನ್ ವೇಗ

ಚಿತ್ರದುರ್ಗ ಜಿಲ್ಲೆಯಲ್ಲಿ ಬೇಸಿಗೆ ಬಲಿತು ಕೆರೆಯಂಗಳ ಒಣಗಿತೆಂದರೆ ಹೂಳೆತ್ತುವ ಕೆಲಸ ಶುರುವಾಗುತ್ತದೆ. ಅಂಗಳದ ನಡುವೆ ನಿಂತ ಹಿಟಾಚಿ ಗೋಡು ಬಗೆದು ಕೊಡುತ್ತದೆ, ರೈತರ ಟ್ರ್ಯಾಕ್ಟರುಗಳು ಅದನ್ನು ಹೊಲಕ್ಕೆ ಸಾಗಿಸುತ್ತವೆ. (ಯಾವ ಕಂಪನಿಯದೇ ಆಗಲಿ, ಚೈನಿನ ಮೇಲೆ ನಡೆಯುವ ಅಗೆಯುವ ಯಂತ್ರಕ್ಕೆ ನಮ್ಮ ಕಡೆ ಹಿಟಾಚಿ ಎಂದೇ ಹೆಸರು.) ತುಂಬಿದ ಟ್ರೇಲರ್ ಏರಿ ಹತ್ತಿ ಹೋಗಿ ಮುಂದಿನದು ಬಂದು ನಿಲ್ಲುವವರೆಗೆ ಆಪರೇಟರ್ ಬಕೆಟ್ಟನ್ನು ನೆಲಕ್ಕೆ ಊರಿ, ಲಿವರುಗಳಿಂದ ಕೈ ತೆಗೆದು ಕೂರುತ್ತಾರೆ. ನಾಲ್ಕೈದು ಸೆಕೆಂಡು ಕಳೆಯುವಷ್ಟರಲ್ಲಿ, ಯಾರೂ ಏನನ್ನೂ ಮುಟ್ಟದಿದ್ದರೂ ಇಂಜಿನ್ನಿನ ಸದ್ದು ತಾನಾಗಿ ಇಳಿಯುತ್ತದೆ. ಸೀಟಿನ ಪಕ್ಕದ ಬಾಟಲಿಯಲ್ಲಿ ನಡುಗುತ್ತಿದ್ದ ನೀರು ಹದಕ್ಕೆ ಬರುತ್ತದೆ. ಮುಂದಿನ ಟ್ರ್ಯಾಕ್ಟರ್ ಬಂದು ಲಿವರ್ ಸ್ವಲ್ಪ ಅಲುಗಿದೊಡನೆ ಸದ್ದು ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ. ಈ ಇಳಿತ ಮತ್ತು ಏರಿಕೆಯನ್ನು ನೋಡಿಕೊಳ್ಳುವ ವ್ಯವಸ್ಥೆಯೇ ಆಟೋ ಐಡಲ್.

ಐಡಲ್ ಎಂಬ ಪದವನ್ನು ಪುಸ್ತಕದ ಕನ್ನಡದಲ್ಲಿ ‘ನಿಷ್ಕ್ರಿಯ ವೇಗ’ ಎಂದು ಬರೆಯುವುದನ್ನು ನೋಡಿದ್ದೇನೆ. ಆ ಅನುವಾದ ನನಗೆ ಒಪ್ಪಿಗೆಯಿಲ್ಲ. ಆ ಹೊತ್ತಿನಲ್ಲೂ ಇಂಜಿನ್ ಡೀಸೆಲ್ ಸುಡುತ್ತಿರುತ್ತದೆ. ಆಯಿಲ್ ಪಂಪು, ನೀರಿನ ಪಂಪು, ಫ್ಯಾನು, ಆಲ್ಟರ್ನೇಟರ್ ಎಲ್ಲವನ್ನೂ ತಿರುಗಿಸುತ್ತಿರುತ್ತದೆ. ನಿಂತಿರುವುದು ಹೊರಗಿನ ಕೆಲಸ ಮಾತ್ರ. ದಾವಣಗೆರೆಯ ಗ್ಯಾರೇಜುಗಳಲ್ಲಿ ‘ಸ್ಲೋ’ ಎಂದು ಕರೆಯುವುದೇ ಇದಕ್ಕಿಂತ ಹತ್ತಿರದ ಮಾತು. ಕನ್ನಡದ್ದೇ ಪದ ಬೇಕೆನ್ನುವವರು ‘ಬರಿ ಓಟ’ ಎನ್ನಬಹುದು.

ರಸ್ತೆಯ ಮೇಲಿನ ಲಾರಿಗೆ ಇಂಥ ವ್ಯವಸ್ಥೆ ಬೇಕಾಗದೆ ಅಗೆಯುವ ಯಂತ್ರಕ್ಕೆ ಏಕೆ ಬೇಕಾಯಿತು ಎಂಬುದರಲ್ಲಿ ಈ ಪದದ ಅರ್ಥದ ತಿರುಳಿದೆ. ಲಾರಿಯ ಚಾಲಕ ಆಕ್ಸಿಲೇಟರಿನಿಂದ ಕಾಲು ತೆಗೆದರೆ ಇಂಜಿನ್ ತಾನೇ ಸ್ಲೋಗೆ ಬರುತ್ತದೆ. ಹಿಟಾಚಿಯಲ್ಲಿ ಹಾಗಲ್ಲ. ಅದರ ತೋಳು, ಬಕೆಟ್ಟು, ಚೈನು ಎಲ್ಲವೂ ಹೈಡ್ರಾಲಿಕ್ ಎಣ್ಣೆಯ ಬಲದಿಂದ ಚಲಿಸುವುದರಿಂದಲೂ, ಆ ಎಣ್ಣೆಯನ್ನು ತಳ್ಳುವ ಪಂಪು ಇಂಜಿನ್ನಿಗೆ ಜೋಡಣೆಯಾಗಿ ಅದರ ವೇಗಕ್ಕೆ ತಕ್ಕಷ್ಟೇ ಎಣ್ಣೆ ಕೊಡುವುದರಿಂದಲೂ, ಆಪರೇಟರ್ ಬೆಳಿಗ್ಗೆ ಇಂಜಿನ್ನಿನ ವೇಗ ಗೊತ್ತುಪಡಿಸುವ ಥ್ರಾಟಲ್ ಡಯಲನ್ನು ಸುಮಾರು 1800ರಿಂದ 2000 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿಸಿಟ್ಟು, ದಿನವಿಡೀ ಅದೇ ವೇಗದಲ್ಲಿ ಕೆಲಸ ಮಾಡುತ್ತಾರೆ. ಲಿವರ್ ಬಿಟ್ಟರೆ ತೋಳು ನಿಲ್ಲುತ್ತದೆಯೇ ಹೊರತು ಇಂಜಿನ್ನಿನ ವೇಗ ಇಳಿಯುವುದಿಲ್ಲ. ಪ್ರತಿ ಸಲ ಕೈಯಾರೆ ಡಯಲ್ ಇಳಿಸಿ ಏರಿಸುವುದು ಯಾರಿಂದಲೂ ಆಗುವ ಮಾತಲ್ಲ.

ವ್ಯವಸ್ಥೆಯ ಒಳಗುಟ್ಟು ಸರಳವಾದುದು. ಆಪರೇಟರ್ ಹಿಡಿಯುವ ಲಿವರ್ ನೇರವಾಗಿ ದೊಡ್ಡ ವಾಲ್ವನ್ನು ಎಳೆಯುವುದಿಲ್ಲ; ಪೈಲಟ್ ಲೈನ್ ಎಂಬ ಸಣ್ಣ ಕೊಳವೆಯಲ್ಲಿನ ಕಡಿಮೆ ಒತ್ತಡದ ಎಣ್ಣೆಯ ಮೂಲಕ ಅದಕ್ಕೆ ಆಜ್ಞೆ ಕಳುಹಿಸುತ್ತದೆ. ಆ ಲೈನಿನಲ್ಲಿ ಒಂದು ಪ್ರೆಷರ್ ಸ್ವಿಚ್ ಅಥವಾ ಸೆನ್ಸರ್ ಕೂತಿರುತ್ತದೆ. ಅಲ್ಲಿ ಒತ್ತಡ ಕಾಣದೆ ಕೆಲವು ಸೆಕೆಂಡು ಕಳೆದರೆ, ಎಲ್ಲ ಲಿವರುಗಳೂ ನ್ಯೂಟ್ರಲ್‌ನಲ್ಲಿವೆ ಎಂದು ಕಂಟ್ರೋಲರ್ ತಿಳಿದು ಇಂಜಿನ್ನನ್ನು ಸುಮಾರು ಸಾವಿರ–ಸಾವಿರದ ಇನ್ನೂರು ಆರ್‌ಪಿಎಂಗೆ ಇಳಿಸುತ್ತದೆ. ಒತ್ತಡ ಕಂಡ ಕೂಡಲೇ ಡಯಲ್ ಹೇಳಿದ ವೇಗಕ್ಕೆ ಮರಳಿಸುತ್ತದೆ. ಆ ಸೆನ್ಸರಿಗೆ ಲಿವರ್ ಬಿಟ್ಟದ್ದು ಮಾತ್ರ ಗೊತ್ತು. ಏಕೆ ಬಿಟ್ಟರು, ಮುಂದೇನು ಮಾಡುತ್ತಾರೆ ಎಂಬುದು ಗೊತ್ತಿಲ್ಲ. ಆದ್ದರಿಂದಲೇ ಕಾಯುವ ಆ ಕೆಲವು ಸೆಕೆಂಡುಗಳ ಅವಕಾಶವನ್ನು ಇಟ್ಟಿರುವುದು: ಒಂದು ಅಗೆತಕ್ಕೂ ಇನ್ನೊಂದಕ್ಕೂ ನಡುವಿನ ಸಣ್ಣ ತಡೆಗೆಲ್ಲ ವೇಗ ಏರಿಳಿಯತೊಡಗಿದರೆ ಕೆಲಸವೇ ಸಾಗದು.

ಇದರೊಂದಿಗೆ ಕಲಸಿಹೋಗುವ ಇನ್ನೆರಡು ಸಂಗತಿಗಳನ್ನು ಬೇರೆಯಾಗಿಯೇ ಇಡಬೇಕು. ಹೊರೆ ಏರಿಳಿದರೂ ಇಂಜಿನ್ ಗೊತ್ತುಪಡಿಸಿದ ವೇಗ ತಪ್ಪದಂತೆ, ಸ್ಲೋನಲ್ಲಿ ಆರಿಹೋಗದಂತೆ ಕಾಯುವುದು ಗವರ್ನರಿನ ಕೆಲಸ. ಜೇಮ್ಸ್ ವಾಟ್ 1788ರಲ್ಲಿ ಉಗಿ ಇಂಜಿನ್ನಿಗೆ ಅಳವಡಿಸಿದ ತಿರುಗುವ ಗುಂಡುಗಳ ಸಾಧನದಿಂದ ಹಿಡಿದು ಇಂದಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯವರೆಗೆ ಅದರ ರೂಪ ಬದಲಾಗಿದೆ, ಉದ್ದೇಶ ಬದಲಾಗಿಲ್ಲ. ಇನ್ನೊಂದು, ಗೊತ್ತುಪಡಿಸಿದಷ್ಟು ನಿಮಿಷ ಬರಿ ಓಟವಾದ ಮೇಲೆ ಇಂಜಿನ್ನನ್ನು ಪೂರ್ತಿ ನಿಲ್ಲಿಸುವ ಆಟೋ ಶಟ್‌ಡೌನ್. ಆಟೋ ಐಡಲ್ ಇವೆರಡರ ನಡುವಿನದು: ಇಂಜಿನ್ನನ್ನು ಇಳಿಸುತ್ತದೆ, ನಿಲ್ಲಿಸುವುದಿಲ್ಲ.

ಉಳಿತಾಯದ ಲೆಕ್ಕವನ್ನು ಅದೇ ಕೆರೆಯಂಗಳದಲ್ಲಿಟ್ಟು ನೋಡಬಹುದು. ನಾಲ್ಕು ನಿಮಿಷಕ್ಕೊಂದು ಟ್ರ್ಯಾಕ್ಟರ್ ಬಂದು, ಅದನ್ನು ತುಂಬಲು ಎರಡು ನಿಮಿಷ ಹಿಡಿಯಿತೆಂದು ಇಟ್ಟುಕೊಳ್ಳೋಣ. ಎಂಟು ಗಂಟೆಯ ದುಡಿಮೆಯಲ್ಲಿ ನಾಲ್ಕು ಗಂಟೆ ಯಂತ್ರ ಕಾಯುತ್ತಲೇ ಇರುತ್ತದೆ. ಆ ನಾಲ್ಕು ಗಂಟೆಯೂ ಇಂಜಿನ್ 1800ರಲ್ಲಿ ತಿರುಗಿದರೆ ಒಳಗಿನ ಘರ್ಷಣೆಗೂ ಫ್ಯಾನಿಗೂ ಡೀಸೆಲ್ ಸುಮ್ಮನೆ ಖರ್ಚಾಗುತ್ತದೆ. ಫ್ಯಾನಿನ ಸಂಗತಿಯನ್ನಂತೂ ಗಮನಿಸಲೇಬೇಕು: ಅದು ಬೇಡುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ಅರ್ಧಕ್ಕಿಳಿಸಿದರೆ ಅದಕ್ಕೆ ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುಡದೆ ಉಳಿದ ಪ್ರತಿ ಲೀಟರ್ ಡೀಸೆಲ್ ಎಂದರೆ ಗಾಳಿಗೆ ಸೇರದೆ ಉಳಿದ ಎರಡೂವರೆ ಕಿಲೋಗಿಂತ ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಕೂಡ ಹೌದು.

ಆದರೆ ಅವರ್ ಮೀಟರ್ ಮಾತ್ರ ಇಳಿಯುವುದಿಲ್ಲ. ಸಾಮಾನ್ಯ ಮೀಟರ್ ಇಂಜಿನ್ ಓಡಿದ ಹೊತ್ತನ್ನು ಎಣಿಸುತ್ತದೆಯೇ ಹೊರತು ಅಗೆದ ಹೊತ್ತನ್ನಲ್ಲ. 250 ಅಥವಾ 500 ಗಂಟೆಗೊಮ್ಮೆ ಬರುವ ಆಯಿಲ್ ಬದಲಾವಣೆಯ ಲೆಕ್ಕಕ್ಕೆ ಆ ಕಾದ ಗಂಟೆಗಳೂ ಸೇರುತ್ತವೆ. ಬಾಡಿಗೆಯ ಕರಾರಿನಲ್ಲಿ ಡೀಸೆಲ್ ಯಾರ ಪಾಲಿಗೆ ಬರುತ್ತದೆ ಎಂಬುದರ ಮೇಲೆ ಆ ಸಣ್ಣ ಸ್ವಿಚ್ ಆನ್ ಆಗಿರುವುದೂ ಆಫ್ ಆಗಿರುವುದೂ ಅವಲಂಬಿಸಿರುವುದನ್ನು ಕಂಡಿದ್ದೇನೆ. ಕೆಲಸ ಒಪ್ಪಿಸುವಾಗಲೇ ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು. ಆಪರೇಟರುಗಳ ಆಕ್ಷೇಪವೂ ಉಂಟು. ‘ಅಣ್ಣಾ, ಅದು ಹಾಕಿದ್ರೆ ಲಿವರ್ ಎಳೆದ ತಕ್ಷಣ ಪವರ್ ಬರಲ್ಲ’ ಎಂದು ಒಬ್ಬರು ನನಗೆ ಹೇಳಿದರು. ಇಂಜಿನ್ ಮೇಲೇರಲು ಅರೆಗಳಿಗೆ ಬೇಕು, ಆ ಅರೆಗಳಿಗೆ ಕೈಗೆ ತಿಳಿಯುತ್ತದೆ. ಅವರ ಮಾತು ಸುಳ್ಳಲ್ಲ.

ವೇಗ ಇಳಿಯಿತೆಂದ ಮಾತ್ರಕ್ಕೆ ಗಂಟೆಗಟ್ಟಲೆ ಸ್ಲೋನಲ್ಲಿ ಬಿಡುವುದೂ ತರವಲ್ಲ. ಭೀಮಸಮುದ್ರದ ಸುತ್ತಿನ ಅದಿರು ಗಣಿಗಳಲ್ಲಾಗಲಿ, ಭದ್ರಾ ಮೇಲ್ದಂಡೆಯ ಕಾಲುವೆ ಕೆಲಸದಲ್ಲಾಗಲಿ, ಟಿಪ್ಪರುಗಳ ಸರದಿ ತಪ್ಪಿ ಯಂತ್ರ ಬಹಳ ಹೊತ್ತು ಕಾಯಬೇಕಾದಾಗ ಇಂಜಿನ್ ತಣ್ಣಗಾಗುತ್ತ ಹೋಗಿ ಡೀಸೆಲ್ ಪೂರ್ತಿ ಉರಿಯದೆ ಉಳಿಯುತ್ತದೆ. ಇಂಜೆಕ್ಟರಿನಲ್ಲಿ ಮಸಿ ಕಟ್ಟುತ್ತದೆ. ಉರಿಯದ ಇಂಧನ ಸಿಲಿಂಡರಿನ ಗೋಡೆಯಿಂದ ಇಳಿದು ಇಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಹೊಸ ಯಂತ್ರಗಳಲ್ಲಿ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಇಂಜಿನ್ ಆರಿಸುವುದೇ ಸರಿ. ಆದರೆ ಭಾರೀ ಕೆಲಸ ಮುಗಿದ ಕೂಡಲೇ ಕೀ ತಿರುಗಿಸಬಾರದು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಕಾದಿರುವಾಗ ಅದರ ಬೇರಿಂಗಿಗೆ ಆಯಿಲ್ ಹರಿದು ತಣಿಯಲು ಮೂರರಿಂದ ಐದು ನಿಮಿಷ ಸ್ಲೋನಲ್ಲಿ ಓಡಿಸಬೇಕು. ಆ ಬರಿ ಓಟ ವ್ಯರ್ಥವಲ್ಲ.

ಒಂದು ಕಡೆ ಮಾತ್ರ ಆಟೋ ಐಡಲ್ ಸ್ವಿಚ್ಚನ್ನು ಕಡ್ಡಾಯವಾಗಿ ಆಫ್ ಮಾಡಬೇಕು: ಯಂತ್ರವನ್ನು ಟ್ರೇಲರ್ ಲಾರಿಗೆ ಹತ್ತಿಸುವಾಗ ಮತ್ತು ಇಳಿಸುವಾಗ. ಇಳಿಜಾರು ಹಲಗೆಯ ನಡುವೆ ಕ್ಷಣ ನಿಂತು ದಿಕ್ಕು ನೋಡಿಕೊಂಡು ಲಿವರ್ ಮುಟ್ಟಿದಾಗ, ಅಷ್ಟರಲ್ಲಿ ಇಳಿದಿದ್ದ ಇಂಜಿನ್ ತಟ್ಟನೆ ಏರಿದರೆ, ಇಪ್ಪತ್ತು ಟನ್ನಿನ ಯಂತ್ರ ಆಪರೇಟರ್ ಎಣಿಸಿದ್ದಕ್ಕಿಂತ ಜೋರಾಗಿ ಮುನ್ನುಗ್ಗುತ್ತದೆ. ಚೈನು ಹಲಗೆಯ ಅಂಚಿನಿಂದ ಜಾರಲು ಒಂದು ಗೇಣು ಹೆಚ್ಚು ಚಲಿಸಿದರೂ ಸಾಕು.