ಕೊಳಗದ ಅಳತೆ, ಚಂದ್ರಿಯ ಬಂಗಾರ: ಮಲೆನಾಡಿನ ಕಾದಂಬರಿಗಳಲ್ಲಿ ನೊಂದವರು ಯಾರು, ನಿರ್ಧರಿಸಿದವರು ಯಾರು?

ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿದೆ. ಆಚಾರ ಬಿಟ್ಟವನ ಸಂಸ್ಕಾರ ಯಾರು ಮಾಡಬೇಕು? ಪ್ರಾಣೇಶಾಚಾರ್ಯರು ಧರ್ಮಶಾಸ್ತ್ರದ ಗ್ರಂಥ ತಿರುವುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳುತ್ತಾರೆ, ದೇವರು ಮಾತಾಡುವುದಿಲ್ಲ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮೊದಲ ದಿನವೇ ಮೈಮೇಲಿನ ಬಂಗಾರ ಬಿಚ್ಚಿ ಖರ್ಚಿಗೆಂದು ಮುಂದಿಟ್ಟಳು. ಅಲ್ಲಿಯವರೆಗೆ ಮೈಲಿಗೆಯ ಭಯದಿಂದ ಹಿಂಜರಿದಿದ್ದವರ ಮನೆಗಳಲ್ಲಿ ಆ ಬಂಗಾರ ಕಂಡ ಕೂಡಲೇ ಆಸೆ ಹುಟ್ಟಿತು. ಕೊನೆಗೆ ರಾತ್ರಿಯ ಕತ್ತಲಲ್ಲಿ ಹೆಣ ಸಾಗಿಸಿ ಸುಡುವುದಕ್ಕೆ ಅವಳಿಗೆ ನೆರವಾದವನು ಮುಸ್ಲಿಂ ವ್ಯಾಪಾರಿ ಅಹಮದ್ ಬ್ಯಾರಿ. ಅವಳು ಯಾರಿಗೂ ಹೇಳದೆ ಕುಂದಾಪುರದ ದಾರಿ ಹಿಡಿದಳು.

1965ರಲ್ಲಿ ಬಂದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯಲ್ಲಿ ಬಹುಪಾಲು ಆಚಾರ್ಯರ ಧರ್ಮಸಂಕಟದ ಸುತ್ತಲೇ ಸುತ್ತಿದೆ. ಆ ಸಂಕಟ ನಿಜವಾದದ್ದು, ಅದನ್ನು ಹಗುರ ಮಾಡುವ ಇಚ್ಛೆ ನನಗಿಲ್ಲ. ಆದರೆ ಅವರು ಊರೂರು ಅಲೆದು, ಮೇಳಿಗೆಯ ಜಾತ್ರೆಯ ಗದ್ದಲದಲ್ಲಿ ತನ್ನ ಗುರುತೇ ತನಗೆ ಹೊರೆಯಾಗಿ ಬೇಯುವ ಹೊತ್ತಿಗೆ, ಊರನ್ನು ಕಾಡಿದ ಪ್ರಶ್ನೆಯನ್ನು ಚಂದ್ರಿ ಆಗಲೇ ಬಗೆಹರಿಸಿಬಿಟ್ಟಿದ್ದಾಳೆ. ಮಲೆನಾಡಿನ ಕಾದಂಬರಿಗಳನ್ನು ಒಂದರ ಹಿಂದೊಂದು ಓದಿದವರಿಗೆ ಈ ವಿನ್ಯಾಸ ಮತ್ತೆ ಮತ್ತೆ ಎದುರಾಗುತ್ತದೆ. ಯೋಚಿಸಲು ಬಿಡುವಿದ್ದವರ ತಳಮಳಕ್ಕೆ ಪುಟಗಟ್ಟಲೆ ಜಾಗ ಸಿಕ್ಕಿದೆ. ಕಷ್ಟ ಯಾರ ಮೈಮೇಲೇ ಬಂದು ಬಿತ್ತೋ ಅವರು ಮೊದಲು ಕೆಲಸ ಮಾಡಿ ಮುಗಿಸಿದ್ದಾರೆ, ಮಾತು ಆಮೇಲೆ ಬಂದಿದೆ ಅಥವಾ ಬಂದೇ ಇಲ್ಲ.

ಇದಕ್ಕೆ ಕಾರಣ ಹುಡುಕಲು ಕಾದಂಬರಿಯಿಂದ ಸ್ವಲ್ಪ ಹೊರಗೆ, ಗದ್ದೆಯ ಅಂಚಿಗೆ ಬರಬೇಕು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಭೂಮಿ ಕೆಲವೇ ಮನೆತನಗಳ ಕೈಯಲ್ಲಿತ್ತು. ಉಳುವವರು ಗೇಣಿ ಒಕ್ಕಲು. ಅವರಿಗಿಂತ ಕೆಳಗೆ ಜೀತದ ಆಳು, ಜೊತೆಗೆ ಘಟ್ಟದ ಕೆಳಗಿನಿಂದ ಸೇರೆಗಾರ ಕರೆತಂದ ಕೂಲಿಗಳು. ಸುಗ್ಗಿಯಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದ್ದು, ಅದು ಎಷ್ಟು ದೊಡ್ಡದಿರಬೇಕು ಎಂಬ ತೀರ್ಮಾನವೂ ಅವರದ್ದೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸಿಡಿದೆದ್ದದ್ದು ಈ ಕೊಳಗದ ವಿಷಯಕ್ಕೆ. ಒಕ್ಕಲುಗಳಲ್ಲಿ ಹೆಚ್ಚಿನವರು ದೀವರು ಎಂಬ ಸಮುದಾಯದವರು. ಆರಗದ ಶಾಂತವೇರಿ ಗೋಪಾಲಗೌಡರು ಹೋರಾಟದ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿ ಪದ್ಧತಿಯನ್ನು ಕಾನೂನು ಪೂರ್ತಿಯಾಗಿ ತೆಗೆದುಹಾಕಲು 1974ರ ಮಾರ್ಚ್ 1ರವರೆಗೆ ಕಾಯಬೇಕಾಯಿತು. ಇದೇ ಗೋಪಾಲಗೌಡರ ಬದುಕಿನ ನೆರಳು ಅನಂತಮೂರ್ತಿಯವರ 1978ರ ಕಾದಂಬರಿ ‘ಅವಸ್ಥೆ’ಯ ಕೃಷ್ಣಪ್ಪಗೌಡನ ಮೇಲಿದೆ. ಪಾರ್ಶ್ವವಾಯು ಬಡಿದು ಮಲಗಿದ ಆ ರಾಜಕಾರಣಿಯ ನೈತಿಕ ಸಂಕಟ ಈ ಗದ್ದೆಗಳ ನಡುವೆಯೇ ಮೊಳೆತದ್ದು.

ಕುವೆಂಪು ಅವರಿಗೆ ಈ ಲೋಕ ಮನೆಯೊಳಗಿನಿಂದಲೇ ಗೊತ್ತಿತ್ತು. ಕುಪ್ಪಳಿಯ ಜಮೀನ್ದಾರಿ ಮನೆತನದ ಹುಡುಗ 1936ರಲ್ಲಿ ‘ಕಾನೂರು ಹೆಗ್ಗಡಿತಿ’ ಬರೆದಾಗ, ಓದಿದ ಹೂವಯ್ಯನ ಆದರ್ಶಕ್ಕೆ ಕೊಟ್ಟಷ್ಟೇ ಗಮನವನ್ನು ಚಂದ್ರಯ್ಯಗೌಡರ ಮೂರನೆಯ ಹೆಂಡತಿ ಸುಬ್ಬಮ್ಮನಿಗೂ ಕೊಟ್ಟರು. ಬಡಮನೆಯ ಹುಡುಗಿ, ವಯಸ್ಸಾದ ಗಂಡ, ಕೈಗೆ ಸಿಕ್ಕ ದೊಡ್ಡ ಮನೆಯ ಯಜಮಾನಿಕೆ. ಅವಳು ಒರಟಾಗುತ್ತಾಳೆ, ಸಣ್ಣತನವನ್ನೂ ತೋರಿಸುತ್ತಾಳೆ. ವಿಧವೆಯಾದ ಮೇಲೆ ಬಸಿರಾಗಿ, ಅದನ್ನು ತೆಗೆಸಿಕೊಳ್ಳಲು ಹೋಗಿ ಪ್ರಾಣ ಬಿಡುತ್ತಾಳೆ. ಅವಳನ್ನು ಒಳ್ಳೆಯವಳನ್ನಾಗಿ ಮಾಡಿ ಕನಿಕರ ಗಿಟ್ಟಿಸುವ ಸುಲಭದ ದಾರಿಯನ್ನು ಕುವೆಂಪು ಹಿಡಿಯಲಿಲ್ಲ. ಕಾದಂಬರಿಯ ಹೆಸರನ್ನೇ ಅವಳಿಗೆ ಕೊಟ್ಟದ್ದು ನನ್ನ ಪಾಲಿಗೆ ದೊಡ್ಡ ನಿರ್ಧಾರ.

ಅದೇ ಪಾಡು ಅಗ್ರಹಾರಕ್ಕೆ ಬಂದಾಗ ಅದರ ಹೆಸರು ಯಮುನಾ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯ ಈ ಎಳೆಯ ವಿಧವೆಯೂ ಬಸಿರಾಗುತ್ತಾಳೆ. ಅವಳು ಸಾಯುವುದಿಲ್ಲ, ಆದರೆ ಬದುಕಿರುವಾಗಲೇ ಹೆತ್ತ ಅಪ್ಪ ಅವಳ ಹೆಸರಿನಲ್ಲಿ ಮಡಕೆ ಒಡೆದು ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ಒಬ್ಬ ಹುಡುಗನ ಕಣ್ಣಲ್ಲಿ ನೋಡುತ್ತೇವೆ. ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿ 1977ರಲ್ಲಿ ಇದನ್ನು ಸಿನಿಮಾ ಮಾಡಿದರು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ದೊಡ್ಡವರ ಶಾಸ್ತ್ರಕ್ಕೆ ಮಾತು ಬೇಕಾದಷ್ಟಿದೆ. ಯಮುನಾಳ ಜೊತೆ ಕೊನೆಯವರೆಗೆ ನಿಲ್ಲಲು ನೋಡಿದ್ದು ಆ ಮಗುವೊಂದೇ.

1976ರಲ್ಲಿ ಎಂ. ಕೆ. ಇಂದಿರಾ ‘ಫಣಿಯಮ್ಮ’ ಬರೆದಾಗ ಕಣ್ಣು ಬದಲಾಯಿತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಲೇಖಕಿ, ತಮ್ಮ ಮನೆತನದ ಹಿರಿಯ ವಿಧವೆಯೊಬ್ಬರ ನಿಜ ಬದುಕನ್ನು ತೆಗೆದುಕೊಂಡು, ಅದನ್ನು ಹೆಂಗಸರು ಹೆಂಗಸರಿಗೆ ಹೇಳುವ ಧಾಟಿಯಲ್ಲೇ ಹೇಳಿದರು. ಗಂಡನ ಮುಖ ಗೊತ್ತಾಗುವ ಮೊದಲೇ ವಿಧವೆಯಾದ ಮಗು. ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ, ಒಂದೇ ಹೊತ್ತಿನ ಊಟ. ಫಣಿಯಮ್ಮ ಬಂಡಾಯ ಸಾರಲಿಲ್ಲ, ತನ್ನ ಪಾಲಿಗೆ ಬಂದ ನಿಯಮಗಳನ್ನೆಲ್ಲ ಪಾಲಿಸಿದಳು. ಆದರೆ ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಅವಳ ಪರ ನಿಂತಳು. ನಾನು ಪಟ್ಟದ್ದನ್ನು ನೀನೂ ಪಡು ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದರು, ಈಗಲೂ ಇದ್ದಾರೆ. ನೋವನ್ನು ಮುಂದಿನವರಿಗೆ ದಾಟಿಸದ ಈ ಗಟ್ಟಿತನದ ಮುಂದೆ ಆಚಾರ್ಯರ ಎಷ್ಟೋ ಪುಟಗಳ ತರ್ಕ ನನಗೆ ತೆಳುವಾಗಿ ಕಾಣುತ್ತದೆ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ತೆರೆಗೆ ತಂದರು.

ಜಾತಿಯ ತಳದಲ್ಲಿ ಇದ್ದವರ ವಿಷಯದಲ್ಲಿ ಲೆಕ್ಕ ಇನ್ನೂ ಕಠಿಣ. ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಕಾಣಿಸುತ್ತದೆ. ಸಿಂಬಾವಿ ಹೆಗ್ಗಡೆಯವರ ಜೀತದ ಆಳು ಗುತ್ತಿ, ಬೆಟ್ಟಳ್ಳಿ ಗೌಡರ ಕೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಪ್ರೇಮದ ಸಾಹಸ ಎಂದು ಓದಿ ಸುಮ್ಮನಾಗಬಹುದು. ಆದರೆ ಒಡೆಯರ ಮನೆಗಳಲ್ಲಿ ಅದು ಒಂದು ಆಳು ಕಡಿಮೆಯಾದ ತಕರಾರು. ಯಾವ ಹೆಣ್ಣು ಯಾವ ಕೇರಿಗೆ ಹೋಗಬೇಕು ಎಂಬುದು ಜೀತದ ಲೆಕ್ಕಪುಸ್ತಕಕ್ಕೆ ಸೇರಿದ ವಿಷಯವಾಗಿತ್ತು. ಅದೇ ಪುಸ್ತಕದಲ್ಲಿ ಚಿನ್ನಮ್ಮನೂ ಒಲ್ಲದ ಮದುವೆ ತಪ್ಪಿಸಿಕೊಳ್ಳಲು ರಾತ್ರಿ ಮನೆ ಬಿಡುತ್ತಾಳೆ. ಅವಳಿಗೆ ಕಾಯುವ ಮುಕುಂದಯ್ಯನಿದ್ದಾನೆ, ಅವನ ಬೆನ್ನಿಗೆ ಒಂದು ಮನೆತನವಿದೆ. ಗುತ್ತಿ–ತಿಮ್ಮಿಯರ ಜೊತೆಗಿದ್ದದ್ದು ಹುಲಿಯ ಎಂಬ ನಾಯಿ, ಅದನ್ನೂ ಮಳೆಗಾಲದ ತುಂಗೆ ಕೊಚ್ಚಿಕೊಂಡು ಹೋಯಿತು. ಜೀತವನ್ನು ದೇಶದ ಕಾನೂನು ನಿಷೇಧಿಸಿದ್ದು 1976ರಲ್ಲಿ, ಈ ಕಾದಂಬರಿ ಬಂದ ಒಂಬತ್ತು ವರ್ಷಗಳ ಮೇಲೆ.

ಅನಂತಮೂರ್ತಿಯವರ 1973ರ ‘ಭಾರತೀಪುರ’ದಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥ ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುತ್ತಾನೆ. ಮನೆಯ ಸಾಲಿಗ್ರಾಮ ಕೈಯಲ್ಲಿ ಹಿಡಿದು ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ಹಿಂದೆ ಸರಿದಷ್ಟೂ ಅವನೊಳಗಿನ ಒಡೆಯ ಎದ್ದು ಅಬ್ಬರಿಸುತ್ತಾನೆ. ಬಿಡುಗಡೆ ಮಾಡಲು ಬಂದವನೇ ಕ್ರೂರಿಯಾಗುವ ಈ ಗಳಿಗೆ ಕನ್ನಡದ ಅತ್ಯಂತ ಪ್ರಾಮಾಣಿಕ ಬರವಣಿಗೆಗಳಲ್ಲಿ ಒಂದು. ಆದರೆ ಅಲ್ಲಿಯೂ ನಾವು ಇರುವುದು ಜಗನ್ನಾಥನ ಮನಸ್ಸಿನೊಳಗೆ. ಆ ಕಲ್ಲನ್ನು ಮುಟ್ಟಬೇಕಾದ ಪಿಳ್ಳನ ಎದೆಯಲ್ಲಿ ಏನು ನಡೆಯಿತು ಎಂಬುದು ನಮಗೆ ಸಿಗುವುದು ತೀರಾ ಕಡಿಮೆ. ಅದೇ ದಶಕದಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಪಿಳ್ಳನ ಮಾತು ಕಾದಂಬರಿಗಿಂತ ಮೊದಲು ಬೀದಿಯಲ್ಲಿ, ಕರಪತ್ರದಲ್ಲಿ ಕೇಳಿಸಿತು.

ಕಷ್ಟ ಕೊಡುವವರು ಕಣ್ಣಿಗೆ ಕಾಣದಂತಾದ ಕಾಲವೂ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಊರುಗಳ ಮೇಲೆ ಹರಡಿತು. ಸಾಗರದ ನಾ. ಡಿಸೋಜ ಅವರು ಮುಳುಗಿದವರ ಕತೆಯನ್ನೇ ಬಿಡದೆ ಬರೆದರು. ಅವರ ‘ದ್ವೀಪ’ದಲ್ಲಿ ಗುಡ್ಡ ಬಿಟ್ಟು ಹೋಗದ ಸಂಸಾರವೊಂದರ ಸುತ್ತ ನೀರು ಏರುತ್ತದೆ. ಇಲ್ಲಿ ಬೈಯಲು ಒಡೆಯನಿಲ್ಲ, ಕೇಳಲು ದೇವರ ಪ್ರಸಾದವೂ ಇಲ್ಲ. ನೀರು ಹೊರಗೆ ಏರಿದಂತೆ ಒಳಗೆ ಗಂಡನ ಸಂಶಯ ಏರುತ್ತದೆ, ಎರಡನ್ನೂ ಎದುರಿಸಬೇಕಾದವಳು ನಾಗಿ. ಕಾಸರವಳ್ಳಿಯವರ 2002ರ ಚಿತ್ರದಲ್ಲಿ ಸೌಂದರ್ಯ ಈ ಪಾತ್ರ ಮಾಡಿದರು. ಮನೆ ಉಳಿಸಲು ಹೆಣಗಿದವಳು ಅವಳು, ಉಳಿದದ್ದಕ್ಕೆ ದೇವರ ದಯೆ ಎನ್ನುವವನು ಗಂಡ.

ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು, ಲಾಂಚಿಗೆ ಕಾಯುತ್ತಿದ್ದ ತುಮರಿ ಭಾಗದ ಜನ ಈಗ ಹಿನ್ನೀರನ್ನು ರಸ್ತೆಯ ಮೇಲೆ ದಾಟುತ್ತಾರೆ. ಆದರೆ ಆಗ ಮುಳುಗಡೆಯಿಂದ ಎದ್ದು ಬಂದು ಅರಣ್ಯಭೂಮಿಯಲ್ಲಿ ನೆಲೆ ಕಂಡ ಕುಟುಂಬಗಳಲ್ಲಿ ಎಷ್ಟೋ ಮಂದಿ ಇವತ್ತಿಗೂ ಹಕ್ಕುಪತ್ರಕ್ಕಾಗಿ ಶಿವಮೊಗ್ಗಕ್ಕೆ ಪಾದಯಾತ್ರೆ ಬರುತ್ತಾರೆ, ಧರಣಿ ಕೂರುತ್ತಾರೆ. ಅವರಲ್ಲಿ ಈಗ ಮೊಮ್ಮಕ್ಕಳ ತಲೆಮಾರೂ ಸೇರಿಕೊಂಡಿದೆ.