ರೋಟರಿ ಇಂಜಿನ್ನಿಗೆ ಗಾಳಿ ಪಕ್ಕದಿಂದಲಾ, ಬೆನ್ನಿಂದಲಾ? ಒಂದು ತೂತಿನ ಹಿನ್ನೆಲೆ

ಮಂಗಳೂರು ಬೈಕಂಪಾಡಿಯ ನಮ್ಮ ಲೇತ್ ವರ್ಕ್‌ಶಾಪಿಗೆ ಡ್ರೋನ್ ಮಾಡುವ ಕಾಲೇಜು ಮಕ್ಕಳು ಬಂದ್ರೆ ಈಗೀಗ ಕೇಳುದು ಒಂದೇ: ರೋಟರಿ ಇಂಜಿನ್ನಿಗೆ ಗಾಳಿ ನುಗ್ಗುವ ತೂತು, ಅಂದ್ರೆ ಪೋರ್ಟ್, ಪಕ್ಕದ ಪ್ಲೇಟಲ್ಲೇ (ಸೈಡ್ ಪೋರ್ಟ್) ಇಟ್ಟುಕೊಳ್ಳುದಾ ಇಲ್ಲ ಸುತ್ತಲಿನ ಕವಚವಾದ ಹೌಸಿಂಗಿನ ಬೆನ್ನಿಗೇ ತೂತು ಹೊಡೆದು ಪೆರಿಫೆರಲ್ ಪೋರ್ಟ್ ಮಾಡುದಾ ಅಂತ. ಒಬ್ಬೊಬ್ರು ಒಂದೊಂದು ಹೇಳಿ ಅವರ ತಲೆ ಕೆಟ್ಟುಹೋಗಿರ್ತದೆ.

ಇಲ್ಲಿ ರೋಟರಿ ಅಂದ್ರೆ ವಾಂಕೆಲ್, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ಹೌಸಿಂಗಿನೊಳಗೆ ತಿರುಗುವ ಇಂಜಿನ್. ಮೊದಲ ಮಹಾಯುದ್ಧದ ವಿಮಾನದಲ್ಲಿ ಸಿಲಿಂಡರ್ ಸಮೇತ ತಿರುಗ್ತಿದ್ದ ಇಂಜಿನ್ನಿಗೂ ಅದೇ ಹೆಸರು, ಅದು ಬೇರೆ. ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲ ವಾಂಕೆಲ್ ಓಡಿತು. ಇದಕ್ಕೆ ವಾಲ್ವೇ ಇಲ್ಲ, ತೂತು ಎಲ್ಲಿದೆ, ಯಾವ ಆಕಾರ ಅನ್ನುದೇ ಟೈಮಿಂಗ್, ಹಾಗಾಗಿ ಜಗಳ ಹುಟ್ಟಿನಿಂದಲೇ ಉಂಟು. 1967ರಲ್ಲಿ ಎನ್‌ಎಸ್‌ಯು ತನ್ನ ಆರ್‌ಒ 80 ಕಾರಿಗೆ ಹೌಸಿಂಗಿನ ಬೆನ್ನಲ್ಲಿ ಪೋರ್ಟ್ ಇಟ್ಟಿತು, ಅದೇ ವರ್ಷ ಮಜ್ದಾ ಕಾಸ್ಮೊಗೆ ಪಕ್ಕದ ಪ್ಲೇಟಲ್ಲಿ ಇಟ್ಟಿತು. ಬೆನ್ನಲ್ಲಿಟ್ಟರೆ ಗಾಳಿ ನೇರ ನುಗ್ತದೆ, ಆದ್ರೆ ಗಾಳಿ ಬರುವ ಇನ್‌ಟೇಕ್, ಹೊಗೆ ಹೋಗುವ ಎಕ್ಸಾಸ್ಟ್ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರ್ತವೆ, ಸ್ಲೋ ಇದ್ದಾಗ ಹೊಗೆ ವಾಪಸ್ ಬಂದು ಗಡಗಡ ಅಂತದೆ. ಪೇಟೆ ಟ್ರಾಫಿಕ್ಕಲ್ಲಿ ನಿಲ್ಲುವ ಕಾರಿಗೆ ಅದು ಆಗ್ಲಿಕ್ಕಿಲ್ಲ. ರೇಸಿಗೆ ಆಗ್ತದೆ, 1991ರಲ್ಲಿ ಲೆ ಮಾನ್ಸ್ ಗೆದ್ದ ಮಜ್ದಾ 787ಬಿ ಪೆರಿಫೆರಲ್ ಪೋರ್ಟಿನದ್ದೇ.

ವಿಮಾನ ಇದರಲ್ಲಿ ಯಾವ ಸಾಲಿಗೆ? ಅಮೆರಿಕದಲ್ಲಿ ಮನೆಯಲ್ಲೇ ವಿಮಾನ ಕಟ್ಟುವವರು ಮಜ್ದಾದ 13ಬಿ ವಾಂಕೆಲ್ ಇಂಜಿನ್ ಹಾಕಿದ್ದುಂಟು. ಅದು ಹಾರುವಷ್ಟೂ ಹೊತ್ತು ಹೆಚ್ಚುಕಡಿಮೆ ಒಂದೇ ಆರ್‌ಪಿಎಮ್, 6000ಕ್ಕೆ ಓಡಿಸಿ 2.85ರ ಗೇರ್ ಹಾಕಿದ್ರೆ ಪ್ರೊಪೆಲ್ಲರಿಗೆ 2100 ಸಿಗ್ತದೆ, ಐಡಲ್, ಅಂದ್ರೆ ಸ್ಲೋ ಓಟ, ಬೇಕಾದದ್ದು ಟ್ಯಾಕ್ಸಿಗೆ ಮತ್ತೆ ಇಳಿಯುವಾಗ ಮಾತ್ರ. ನಮ್ಮ ದೇಶದಲ್ಲೂ 55 ಎಚ್‌ಪಿಯ ವಾಂಕೆಲ್ ಮಾಡಿ 2009ರಲ್ಲಿ ಕೋಲಾರದಲ್ಲಿ ನಿಶಾಂತ್ ಡ್ರೋನಿಗೆ ಕಟ್ಟಿ ಹಾರಿಸಿದ್ದಾರೆ.

ಹಾಗಾದ್ರೆ ವಿಮಾನಕ್ಕೆ ಬೆನ್ನಿನ ಪೋರ್ಟೇ ಸರಿ ಅಂತ ಹೇಳಿ ಮುಗಿಸಬಹುದಿತ್ತು. ಕಷ್ಟ ಶುರುವಾಗುದು ತೂತು ಹೊಡೆಯುವಲ್ಲಿ. ಹಳೆಯ 13ಬಿ ಹೌಸಿಂಗ್ ಒಂದು ನಮ್ಮ ಬೆಂಚಿಗೆ ಬಂದಿತ್ತು. ಹೊರಗೆ ಅಲ್ಯುಮಿನಿಯಂ, ಒಳಗೆ ತೆಳು ಸ್ಟೀಲ್ ಹಾಳೆ, ಅದರ ಮೇಲೆ ಕ್ರೋಮ್, ನಡುವೆ ನೀರಿನ ಜಾಕೆಟ್ (ತಣಿಸುವ ಕೂಲೆಂಟ್ ಹರಿಯುವ ಜಾಗ). ಹೊರಗಿಂದ ಒಮ್ಮೆಗೇ ಕಟರ್ ನೂಕಿದ್ರೆ ಒಳಗಿನ ಕ್ರೋಮ್ ಚಕ್ಕೆಯಾಗಿ ಏಳ್ತದೆ, ಆ ಚಕ್ಕೆಯ ಅಂಚಿಗೆ ರೋಟರಿನ ಮೂಲೆಯ ಏಪೆಕ್ಸ್ ಸೀಲ್ ತಾಗಿದ್ರೆ ಮತ್ತೆ ಕಥೆ ಮುಗೀತು. ಕೊನೆಯ ಒಂದೆರಡು ಮಿಲ್ಲಿಮೀಟರ್ ಒಳಗಿಂದ ಸಣ್ಣ ಕಲ್ಲು ಹಿಡಿದು ತಾಳ್ಮೆಯಲ್ಲಿ ತಿಕ್ಕಬೇಕು, ಅಂಚು ಬೆರಳಿಗೆ ಹಿತವಾಗಿ ಜಾರಬೇಕು.

ಜಾಕೆಟ್ ಕೊಯ್ದುಕೊಂಡೇ ತೂತು ಹೋಗುದ್ರಿಂದ ಒಂದು ಸ್ಲೀವ್, ಅಂದ್ರೆ ತೂತಿನೊಳಗೆ ಕೊಳವೆ, ಕೂರಿಸ್ಲೇಬೇಕು. ಅದನ್ನು ಎಪಾಕ್ಸಿ ಅಂಟಲ್ಲಿ ಕೂರಿಸುವ ರೂಢಿ ಬಂದುಬಿಟ್ಟಿದೆ. ಇನ್‌ಟೇಕ್ ಇರುದು ಹೌಸಿಂಗಿನ ತಂಪು ಬದಿ, ಅಷ್ಟು ಸಾಕು ಅನ್ನುವವರ ವಾದದಲ್ಲೂ ಅರ್ಥ ಉಂಟು. ಆದ್ರೆ ಅಲ್ಯುಮಿನಿಯಂ ಬಿಸಿಗೆ ಸ್ಟೀಲಿನ ಸುಮಾರು ಎರಡು ಪಾಲು ಹಿಗ್ತದೆ, ಸ್ಟೀಲ್ ಸ್ಲೀವ್ ಹಾಕಿದ್ರೆ ಪ್ರತಿ ಸಲ ಬಿಸಿಯಾಗಿ ತಣಿಯುವಾಗ ಆ ಅಂಟನ್ನು ಎರಡೂ ಕಡೆಯಿಂದ ಎಳೆದ ಹಾಗೆ. ಬಿಟ್ಟುಕೊಂಡ್ರೆ ಕೂಲೆಂಟ್ ಇನ್‌ಟೇಕಿಗೆ ಬರ್ತದೆ, ಆಕಾಶದಲ್ಲಿ ನಿಲ್ಲಿಸಿ ನೋಡ್ಲಿಕ್ಕೆ ಆಗ್ತದಾ ಮಾರಾಯ್ರೆ?

ಇದಕ್ಕೆ ಉತ್ತರ ನಮ್ಮ ದಕ್ಕೆಯಲ್ಲೇ ಉಂಟು ಅಂತ ನನ್ನ ನಂಬಿಕೆ. ಮೀನಿನ ಬೋಟಿನ ಡೀಸೆಲ್ ಇಂಜಿನ್ನಲ್ಲಿ ವೆಟ್ ಲೈನರ್ (ಹೊರಗಿಂದ ನೀರು ತಾಗುವ ಸಿಲಿಂಡರ್ ಕೊಳವೆ) ಕೂರಿಸುವ ಮೇಸ್ತ್ರಿಗಳು ನೀರು ಮತ್ತು ಆಯಿಲ್ ನಡುವೆ ಅಂಟನ್ನು ನಂಬುದಿಲ್ಲ, ಗ್ರೂವ್ ಕೊರೆದು ಓ-ರಿಂಗ್ ಎಂಬ ರಬ್ಬರ್ ಬಳೆ ಹಾಕ್ತಾರೆ. ನಾವೂ ಅಲ್ಯುಮಿನಿಯಂ ಸ್ಲೀವಿಗೇ ಕಾಲರ್ ಬಿಟ್ಟು, ಜಾಕೆಟಿನ ಆಚೆ ಈಚೆ ಒಂದೊಂದು ಓ-ರಿಂಗ್ ಕೂರಿಸಿ, ಒಳತುದಿಯನ್ನು ಸೀಲಿಗೆ ತಾಗದ ಹಾಗೆ ಕೂದಲೆಳೆಯಷ್ಟು ಹಿಂದೆ ನಿಲ್ಲಿಸಿದೆವು. ಆಮೇಲೆ ಜಾಕೆಟಿನ ಬಾಯಿ ಎಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಹೌಸಿಂಗನ್ನು ಕುದಿಯುವ ನೀರಿನ ಹಂಡೆಗೆ ಇಳಿಸಿದ್ದು. ತಣ್ಣೀರಲ್ಲಿ ಒಂದು ಗುಳ್ಳೆ ಇರ್ಲಿಲ್ಲ, ಬಿಸಿಯಲ್ಲಿ ಹೊರಗಿನ ರಿಂಗಿನ ಹತ್ರ ಸಾಸಿವೆ ಕಾಳಿನಷ್ಟು ಒಂದೊಂದೇ ಏಳ್ಲಿಕ್ಕೆ ಶುರುವಾಯ್ತು. ಗ್ರೂವ್ ಆಳ ಹೆಚ್ಚಾಗಿತ್ತು, ಸ್ಲೀವ್ ತೆಗೆದು ಹೊಸದು ತಿರುಗಿಸಿದೆವು.