ಕೊಳಗದಿಂದ ಹೆಬ್ಬೆಟ್ಟಿನವರೆಗೆ: ಮಲೆನಾಡಿನಲ್ಲಿ ಸರ್ಕಾರಿ ಸೌಲಭ್ಯದ ಅಳತೆ

2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಪಡಿತರ ಚೀಟಿಗಳ ಪರಿಷ್ಕರಣೆ ನಡೆದು ಅನೇಕ ಕುಟುಂಬಗಳ ಚೀಟಿಗಳು ಎಪಿಎಲ್‌ಗೆ ಬದಲಾದಾಗ, ನಮ್ಮ ಕಡೆಯ ಹಲವರಿಗೆ ಆ ವಿಷಯ ಗೊತ್ತಾದದ್ದು ಸೊಸೈಟಿಯ ಮುಂದೆ ಚೀಲ ಹಿಡಿದು ಸಾಲಿನಲ್ಲಿ ನಿಂತ ಮೇಲೆ. ವಿರೋಧ ಪಕ್ಷಗಳು ಬೀದಿಗಿಳಿದವು. ಅರ್ಹರ ಚೀಟಿಗಳು ರದ್ದಾಗಬಾರದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಧಿಕಾರಿಗಳಿಗೆ ಸೂಚಿಸಿದರು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ಬಿಪಿಎಲ್ ಚೀಟಿ ಮರಳಿ ಸಿಗುತ್ತದೆ ಎಂದು ಆಹಾರ ಸಚಿವ ಕೆ.ಎಚ್. ಮುನಿಯಪ್ಪನವರು ಭರವಸೆ ಕೊಟ್ಟರು. ಕೆಲವು ವಾರಗಳಲ್ಲಿ ಗದ್ದಲ ತಣ್ಣಗಾಯಿತು. ಆದರೆ ಒಂದು ಮನೆ ಬಡಮನೆಯೋ ಅಲ್ಲವೋ ಎಂಬುದನ್ನು ಅಳೆದವರು ಯಾರು, ಯಾವ ಮಾನದಿಂದ ಅಳೆದರು, ಆ ಅಳತೆ ತಪ್ಪಾದರೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು.

ಸೌಲಭ್ಯಗಳ ಸುಧಾರಣೆಯ ಕುರಿತ ನಮ್ಮ ಸಾರ್ವಜನಿಕ ಚರ್ಚೆ ಬಹುತೇಕ ಕೊಡಬೇಕೋ ಬೇಡವೋ ಎಂಬಲ್ಲಿಯೇ ಸುತ್ತುತ್ತದೆ. 2022ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಉಚಿತ ಕೊಡುಗೆಗಳ ರಾಜಕಾರಣವನ್ನು 'ರೇವ್ಡಿ' (ಹಂಚುವ ಎಳ್ಳಿನ ಮಿಠಾಯಿ) ಎಂದು ಕರೆದ ಮೇಲಂತೂ ಈ ವಾದ ಇನ್ನಷ್ಟು ಕಾವೇರಿದೆ. ಮಲೆನಾಡಿನ ಅನುಭವ ಕಲಿಸುವ ಪಾಠ ಬೇರೆ. ಇಲ್ಲಿನ ಬಡವರ ಜಗಳ ಮೊದಲಿನಿಂದಲೂ ಅಳತೆಯ ಜಗಳ, ಮತ್ತು ಆ ಮಾತನ್ನು ನಾನು ಅಕ್ಷರಶಃ ಅರ್ಥದಲ್ಲಿಯೇ ಹೇಳುತ್ತಿದ್ದೇನೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದರ ಹಿಂದೆ ಕೊಳಗದ, ಅಂದರೆ ಧಾನ್ಯ ಅಳೆಯುವ ಪಾತ್ರೆಯ, ತಕರಾರಿತ್ತು. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಭೂಮಾಲೀಕರು ರೂಢಿಯ ಕೊಳಗಕ್ಕಿಂತ ದೊಡ್ಡ ಕೊಳಗವನ್ನು ಬಳಸುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಕೊಳಗಗಳ ಸಂಖ್ಯೆ ಅಷ್ಟೇ ಇದ್ದರೂ ಕಣದಿಂದ ಹೋಗುವ ಭತ್ತ ಹೆಚ್ಚಾಗಿರುತ್ತಿತ್ತು. ಹೆಚ್ಚಾಗಿ ದೀವರ ಸಮುದಾಯಕ್ಕೆ ಸೇರಿದ್ದ ಈ ರೈತರು ಎಚ್. ಗಣಪತಿಯಪ್ಪನವರಂಥ ಸ್ಥಳೀಯ ಮುಂದಾಳುಗಳ ಜೊತೆ ನಿಂತು, ಅಳತೆ ಸರಿಯಾಗಲಿ ಎಂಬಲ್ಲಿಂದ ಉಳುವವನಿಗೇ ಭೂಮಿ ಸಿಗಲಿ ಎಂಬಲ್ಲಿಯವರೆಗೆ ನಡೆದು ಬಂದರು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು. ರಾಮಮನೋಹರ ಲೋಹಿಯಾ ಅವರು ಆ ವರ್ಷದ ಜೂನ್‌ನಲ್ಲಿ ಬಂದು ಇಲ್ಲಿಯೇ ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಗೇಣಿದಾರನ ಮಾತನ್ನು ಶಾಸನಸಭೆಗೆ ಒಯ್ದರು. 1952ರ ಮೈಸೂರು ಗೇಣಿ ಶಾಸನದ ಕಾಲಕ್ಕೆ ಕಂದಾಯ ಖಾತೆಯಲ್ಲಿದ್ದವರು ಇದೇ ಮಲೆನಾಡಿನ ಕಡಿದಾಳ್ ಮಂಜಪ್ಪನವರು. ಆದರೆ ಆ ಶಾಸನ ಗೇಣಿಯನ್ನು ಹದ್ದುಬಸ್ತಿನಲ್ಲಿಡಲು ನೋಡಿತೇ ಹೊರತು ಗೇಣಿ ಪದ್ಧತಿಯನ್ನು ಕೊನೆಗಾಣಿಸಲಿಲ್ಲ.

ಅದನ್ನು ಕೊನೆಗಾಣಿಸಿದ್ದು 1974ರ ಮಾರ್ಚ್ 1ರಂದು ಜಾರಿಗೆ ಬಂದ, ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ. ಗೋಪಾಲಗೌಡರು ಅದನ್ನು ಕಾಣಲಿಲ್ಲ, 1972ರಲ್ಲಿಯೇ ತೀರಿಕೊಂಡಿದ್ದರು. ಆ ಕಾಯ್ದೆಯ ಆಶಯದ ಬಗ್ಗೆ ಸಾಕಷ್ಟು ಬರೆಯಲಾಗಿದೆ, ಅದು ಕೆಲಸ ಮಾಡಿದ ರೀತಿಯ ಬಗ್ಗೆ ಅಷ್ಟಾಗಿ ಬರೆದಿಲ್ಲ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಅದನ್ನು ವಿಚಾರಿಸುತ್ತಿದ್ದ ತಾಲ್ಲೂಕು ಭೂನ್ಯಾಯ ಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಉಳಿದವರು ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಎಷ್ಟೋ ಕಡೆ ಶಾಸಕರೇ ಸದಸ್ಯರಾಗಿ ಕೂರುತ್ತಿದ್ದರು. ಮೊದಲಿಗೆ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕಾಗದಪತ್ರವಿಲ್ಲದವನ ಪರವಾಗಿ ಪಕ್ಕದ ಗದ್ದೆಯವನು ಬಂದು, ಈ ಮಕ್ಕಿ ಗದ್ದೆಯನ್ನು ಇಷ್ಟು ವರ್ಷದಿಂದ ಉಳುತ್ತಿರುವವನು ಇವನೇ ಎಂದು ಹೇಳಿದರೆ ಆ ಮಾತಿಗೆ ಬೆಲೆಯಿತ್ತು. ಮಂಡಳಿಗಳಲ್ಲಿ ಪಕ್ಷಪಾತ ನಡೆದದ್ದೂ ಉಂಟು, ಪ್ರಬಲರು ಭೂಮಿ ಉಳಿಸಿಕೊಂಡದ್ದೂ ಉಂಟು, ಭೂಮಿಯೇ ಇಲ್ಲದ ಕೂಲಿಯವರಿಗೆ ಈ ಕಾಯ್ದೆಯಿಂದ ಸಿಕ್ಕಿದ್ದು ಬಹಳ ಕಡಿಮೆ. ಇಷ್ಟಿದ್ದೂ ಅರ್ಜಿದಾರನ ಎದುರಿಗೆ ಕುಳಿತವರಿಗೆ ಮುಖವಿತ್ತು, ಹೆಸರಿತ್ತು, ಮುಂದಿನ ಚುನಾವಣೆಯಲ್ಲಿ ಅವರನ್ನು ಕೇಳುವ ದಾರಿಯಿತ್ತು.

ಹಾಗೆ ಭೂಮಿ ಸಿಗದೆ ಉಳಿದ ಕೂಲಿಯವರಿಗೆ ಮತ್ತು ದುಡಿಯುವ ಶಕ್ತಿ ಕಳೆದುಕೊಂಡ ವೃದ್ಧರಿಗೆ ಮುಂದಿನ ದಶಕಗಳಲ್ಲಿ ಸರ್ಕಾರ ಕೊಟ್ಟದ್ದು ಪಡಿತರ, ಮನೆ ಮತ್ತು ಪಿಂಚಣಿ. ಸೊರಬದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಮನೆಯಿಲ್ಲದವರಿಗಾಗಿ ಆಶ್ರಯ ಯೋಜನೆ ಬಂತು, 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಬಂತು. 1995ರ ಆಗಸ್ಟ್ 15ರಂದು ಪಿ.ವಿ. ನರಸಿಂಹರಾವ್ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿ ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಗೊತ್ತು ಮಾಡಿತು. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಖಾತೆ ಹೊತ್ತ ಉಪಮುಖ್ಯಮಂತ್ರಿಯಾಗಿದ್ದ, ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರದಲ್ಲಿ, 2007ರಲ್ಲಿ ಸಂಧ್ಯಾ ಸುರಕ್ಷಾ ಜಾರಿಯಾಗಿ 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರಂಥವರಿಗೆ 400 ರೂಪಾಯಿ ಸಿಗತೊಡಗಿತು. ಬಸವರಾಜ ಬೊಮ್ಮಾಯಿಯವರು 2021ರ ಜುಲೈನಲ್ಲಿ ಅಧಿಕಾರ ವಹಿಸಿಕೊಂಡ ದಿನವೇ ಅದನ್ನು 1,000ದಿಂದ 1,200ಕ್ಕೆ, ವಿಧವಾ ವೇತನವನ್ನು 600ರಿಂದ 800ಕ್ಕೆ ಏರಿಸಿದರು. ಯಾವ ಪಕ್ಷವೂ ಕೊಡುವುದನ್ನು ನಿಲ್ಲಿಸಲಿಲ್ಲ ಎಂಬುದು ಈ ಸರಣಿಯಿಂದ ಸ್ಪಷ್ಟವಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಇಬ್ಬರು ನಾಯಕರು, ಬೇರೆ ಬೇರೆ ಪಕ್ಷ ಮತ್ತು ಕಾಲಗಳಲ್ಲಿ, ಈ ವ್ಯವಸ್ಥೆಯನ್ನು ಕಟ್ಟಿದವರ ಸಾಲಿನಲ್ಲಿದ್ದಾರೆ.

ಬದಲಾದದ್ದು ಅರ್ಹತೆಯನ್ನು ಅಳೆಯುವ ಬಗೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. ಬಿಪಿಎಲ್ ಚೀಟಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಸಾಮಾಜಿಕ ಭದ್ರತಾ ಪಿಂಚಣಿಗೆ ಇರುವ ಮಿತಿ 32,000 ರೂಪಾಯಿ, ಅಂದರೆ ದಿನಕ್ಕೆ 90 ರೂಪಾಯಿಯೂ ಇಲ್ಲ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಸರ್ಕಾರವೇ ಆಗ ಖಾತ್ರಿಪಡಿಸಿದ್ದ 100 ದಿನಗಳ ಕೆಲಸವನ್ನು ಪೂರ್ತಿಯಾಗಿ ಮಾಡಿದ ಮನೆಗೆ ಬರುತ್ತಿದ್ದದ್ದು 37,000. ಒಂದು ಇಲಾಖೆ ಕೊಟ್ಟ ಕೂಲಿಯೇ ಇನ್ನೊಂದು ಇಲಾಖೆಯ ಮಿತಿಯನ್ನು ಮೀರುತ್ತದೆ. ಹೀಗಿರುವಾಗ ನಾಡಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರದಲ್ಲಿ ನಿಜವಾದ ಆದಾಯ ಇರಲು ಹೇಗೆ ಸಾಧ್ಯ? ಅರ್ಜಿದಾರಳಿಗೂ ಗೊತ್ತು, ಪರಿಶೀಲಿಸುವ ಗ್ರಾಮ ಆಡಳಿತಾಧಿಕಾರಿಗೂ ಗೊತ್ತು, ಮೇಲಿನವರಿಗೂ ಗೊತ್ತು. ಎಲ್ಲರೂ ಸೇರಿ ಸುಳ್ಳು ಅಂಕಿಯೊಂದನ್ನು ಬರೆದು ಬಡವಳ ಕೈಗೆ ಕೊಡುತ್ತಾರೆ, ಕೆಲವು ವರ್ಷಗಳ ನಂತರ ಅನರ್ಹರ ಪತ್ತೆ ಎಂಬ ಹೆಸರಿನಲ್ಲಿ ಬೇರೆ ದಾಖಲೆಗಳ ಜೊತೆ ಅದನ್ನು ತಾಳೆ ನೋಡಿದಾಗ ಸುಳ್ಳು ಹೇಳಿದವಳು ಅವಳೊಬ್ಬಳೇ ಆಗಿಬಿಡುತ್ತಾಳೆ. ಮಿತಿಯನ್ನು ಅಷ್ಟು ಕೆಳಗಿಟ್ಟವರು ಮತ್ತು ಅದನ್ನು ಅಲ್ಲಿಯೇ ಬಿಟ್ಟವರು ಬೇರೆ ಬೇರೆ ಪಕ್ಷಗಳ ಸರ್ಕಾರಗಳವರು. ಅನರ್ಹರನ್ನು ತೆಗೆಯಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಹತ್ತಾರು ಎಕರೆ ಅಡಿಕೆ ತೋಟವಿರುವ ಮನೆಗೆ ವೃದ್ಧಾಪ್ಯ ವೇತನ ಹೋಗುವುದನ್ನು ನಾನೂ ಕಂಡಿದ್ದೇನೆ. ಆದರೆ ಸುಳ್ಳು ಬರೆಯದೆ ದಾಟಲಾಗದ ಬಾಗಿಲನ್ನು ಇಟ್ಟು, ದಾಟಿದವರನ್ನು ಕಳ್ಳರೆನ್ನುವುದು ನ್ಯಾಯವಲ್ಲ.

ಕೇಂದ್ರದ ಹೊಣೆಯನ್ನೂ ಇಲ್ಲಿ ಹೇಳಲೇಬೇಕು. 2007ರ ಹೊತ್ತಿಗೆ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 200 ರೂಪಾಯಿ ಆಗಿತ್ತು. 2011ರಲ್ಲಿ ವಯಸ್ಸಿನ ಮಿತಿ 65ರಿಂದ 60ಕ್ಕೆ ಇಳಿದು, 80 ದಾಟಿದವರಿಗೆ 500 ಎಂದಾಯಿತು. 60ರಿಂದ 79ರ ನಡುವಿನವರ ಪಾಲಿಗೆ ಅಂದಿನ 200 ಇನ್ನೂ 200 ಆಗಿಯೇ ಇದೆ. ಮನಮೋಹನ ಸಿಂಗ್ ಸರ್ಕಾರದ ಉಳಿದ ವರ್ಷಗಳೂ ಮೋದಿ ಸರ್ಕಾರದ ಒಂದು ದಶಕಕ್ಕೂ ಮೀರಿದ ಅವಧಿಯೂ ಅದರ ಮೇಲೆ ಹಾಗೆಯೇ ಹಾದುಹೋಗಿವೆ. ಈ ಮೊತ್ತವನ್ನು ಹೆಚ್ಚಿಸಬೇಕೆಂದು ಸಂಸತ್ತಿನ ಸ್ಥಾಯಿ ಸಮಿತಿ ಮತ್ತೆ ಮತ್ತೆ ಹೇಳಿದೆ.

ಪಡಿತರದ ಕತೆಯಲ್ಲಿ ಅಳತೆ ಮತ್ತೊಮ್ಮೆ ಎದುರಿಗೇ ಬರುತ್ತದೆ. 2013ರ ಜುಲೈ 10ರಂದು ಅನ್ನಭಾಗ್ಯ ಆರಂಭವಾದಾಗ ಕುಟುಂಬಕ್ಕೆ ಗರಿಷ್ಠ 30 ಕೆ.ಜಿ. ಅಕ್ಕಿ, ಕೆ.ಜಿ.ಗೆ 1 ರೂಪಾಯಿಯಂತೆ ಸಿಗುತ್ತಿತ್ತು. 2015ರಲ್ಲಿ ಅದು ಉಚಿತವಾಯಿತು. 2023ರಲ್ಲಿ ತಲಾ 10 ಕೆ.ಜಿ. ಎಂಬ ಭರವಸೆಯೊಂದಿಗೆ ಬಂದ ಸರ್ಕಾರಕ್ಕೆ ಕೇಂದ್ರ ಹೆಚ್ಚುವರಿ ಅಕ್ಕಿ ಮಾರಲು ಒಪ್ಪದಿದ್ದಾಗ, ಉಳಿದ 5 ಕೆ.ಜಿ.ಯ ಬದಲು ತಲಾ 170 ರೂಪಾಯಿಯನ್ನು ಖಾತೆಗೆ ಹಾಕಲಾಯಿತು. 2025ರ ಫೆಬ್ರವರಿಯಿಂದ ಹಣದ ಬದಲು ಮತ್ತೆ ಅಕ್ಕಿಯೇ ಬಂತು. ಈ ಎಲ್ಲ ಏರಿಳಿತಗಳ ನಡುವೆ ತಕ್ಕಡಿಯ ಮುಂದೆ ಹೊಸದೊಂದು ಯಂತ್ರ ಬಂದು ಕುಳಿತಿತ್ತು.

ಅಡಿಕೆ ಕೊಯ್ಲಿನ ಕಾಲದಲ್ಲಿ ಹೊಸನಗರ ಕಡೆಯ ಸೊಸೈಟಿಯೊಂದರಲ್ಲಿ ನಾನು ಕಂಡದ್ದು ಇದು. ಅರವತ್ತು ದಾಟಿದ ಹೆಂಗಸೊಬ್ಬರು ಹೆಬ್ಬೆಟ್ಟು ಕೊಡಲು ಬಂದಿದ್ದರು. ಹಿಂದಿನ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದ ಕೈ ಅದು. ಬೆರಳ ತುದಿಗಳೆಲ್ಲ ಚೊಗರಿನಿಂದ ಕಪ್ಪಾಗಿದ್ದವು, ಹೆಬ್ಬೆರಳಿನ ಗೆರೆಗಳು ಸವೆದು ಅಲ್ಲಲ್ಲಿ ಗೀರು ಬಿದ್ದಿದ್ದವು. ಯಂತ್ರ ಮೂರು ಬಾರಿ ಕೆಂಪು ದೀಪ ತೋರಿಸಿತು. "ಅಮ್ಮ, ಕೈ ಒರ್ಸ್ಕಂಡು ಇನ್ನೊಂದ್ಸಲ ಇಡಿ" ಎಂದು ಅಕ್ಕಿ ಕೊಡುವ ಹುಡುಗ ಹೇಳಿದ. "ಎಷ್ಟ್ ತೊಳದ್ರೂ ಹೋಗದಿಲ್ಲ ಮಾರಾಯ, ಅಡಿಕೆ ಚೊಗರು ಇದು" ಎಂದು ಆಕೆ ಸೆರಗಿನಿಂದ ಒರೆಸಿ ಮತ್ತೆ ಇಟ್ಟರು. ಅಷ್ಟರಲ್ಲಿ ಸರ್ವರ್ ಹೋಯಿತು. ನಮ್ಮ ಹಳ್ಳಿಗಳಲ್ಲಿ ಈಗ "ಸರ್ವರ್ ಇಲ್ಲ" ಎಂಬ ಮಾತನ್ನು ಮಳೆ ಬಂತು ಎಂಬಷ್ಟು ಸಹಜವಾಗಿ ಹೇಳುತ್ತಾರೆ. ಮೊಬೈಲಿಗೆ ಬರುವ ಒಟಿಪಿಯಿಂದಲೂ ಅಕ್ಕಿ ಕೊಡಲು ಅವಕಾಶವಿದೆ, ಆದರೆ ಗುಡ್ಡ ಹತ್ತದೆ ಸಿಗ್ನಲ್ ಸಿಗದ ಊರಿನಲ್ಲಿ ಅದರಿಂದ ಎಷ್ಟು ಪ್ರಯೋಜನ? ಆಕೆ ಖಾಲಿ ಚೀಲ ಮಡಚಿಕೊಂಡು ಹೊರಟರು. ಒಂದು ದಿನದ ಕೂಲಿ ಆಗಲೇ ಹೋಗಿತ್ತು.

2023ರಲ್ಲಿ ಬಂದ ಗ್ಯಾರಂಟಿಗಳಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಈ ಕೈಗಳಿಗೆ ದೊಡ್ಡ ಆಸರೆ. ಕಂತು ತಡವಾದ ತಿಂಗಳು ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿಯೇ ಅದು ಕಾಣುತ್ತದೆ. ಶಿವಮೊಗ್ಗದ ಹಳೆಯ ಜೈಲು ಆವರಣದ ಫ್ರೀಡಂ ಪಾರ್ಕ್‌ನಲ್ಲಿ 2024ರ ಜನವರಿ 12ರಂದು ಚಾಲನೆ ಪಡೆದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ 3,000 ಮತ್ತು ಡಿಪ್ಲೊಮಾ ಆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಮಾತ್ರ ಇಲ್ಲಿನ ನೆಲಕ್ಕೆ ಅಳೆದು ಹೊಲಿದದ್ದಲ್ಲ. ಅದು ಸರ್ಕಾರಿ ಬಸ್ಸಿಗೆ ಸೀಮಿತ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿ ಮೂರು ದಶಕದ ಹತ್ತಿರ ನಡೆಸಿದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಹೀಗಾಗಿ ಬೆಂಗಳೂರಿನ ಹೆಂಗಸಿಗೆ ದಿನವೂ ಸಿಗುವ ಸೌಲಭ್ಯ, ಒಳಹಳ್ಳಿಯಿಂದ ನಾಡಕಚೇರಿಗೆ ಆದಾಯ ಪ್ರಮಾಣಪತ್ರಕ್ಕೆಂದು ಹೊರಟವಳಿಗೆ ಸಿಗುವುದಿಲ್ಲ; ಅವಳು ಟಿಕೆಟ್ ಕೊಂಡೇ ಹೋಗುತ್ತಾಳೆ.

ಆದ್ದರಿಂದ ಸುಧಾರಣೆ ಎಂಬ ಮಾತನ್ನು ಯಾರೇ ಆಡಲಿ, ಅವರನ್ನು ಕೇಳಬೇಕಾದ ಪ್ರಶ್ನೆಗಳು ಖಚಿತವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ ಕಂದಾಯ ಖಾತೆ ವಹಿಸಿಕೊಂಡ ಕೃಷ್ಣ ಬೈರೇಗೌಡರನ್ನು ಕೇಳಬೇಕಾದದ್ದು 32,000ದ ಮಿತಿಯನ್ನು ಏನು ಮಾಡುತ್ತೀರಿ ಎಂದು. ಶಿವಮೊಗ್ಗದ ಸಂಸದ ಬಿ.ವೈ. ರಾಘವೇಂದ್ರ ಅವರನ್ನು ಕೇಳಬೇಕಾದದ್ದು ಕೇಂದ್ರದ 200 ರೂಪಾಯಿಯ ಬಗ್ಗೆ. 2023ರಲ್ಲಿ ಜಿಲ್ಲಾ ಉಸ್ತುವಾರಿ ವಹಿಸಿಕೊಂಡ ಮಧು ಬಂಗಾರಪ್ಪನವರನ್ನು ಕೇಳಬೇಕಾದದ್ದು ಪಿಂಚಣಿಯ ಅರ್ಜಿ-ದೂರುಗಳನ್ನು ಆಲಿಸುವ ಪಿಂಚಣಿ ಅದಾಲತ್ತು ಹೋಬಳಿ ದಾಟಿ ಹಳ್ಳಿಗೆ ಬರುವುದು ಯಾವಾಗ ಎಂದು. 2012ರಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಲ್ಲಿ, ಅರ್ಜಿ ವಿಲೇವಾರಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕೆಂದಿದೆ. ಕೊಡುವುದಕ್ಕೆ ಇರುವ ಈ ಗಡುವು ಮತ್ತು ಹೊಣೆ, ಕಿತ್ತುಕೊಳ್ಳುವುದಕ್ಕೂ ಇರಬೇಕು: ಚೀಟಿ ಅಥವಾ ಪಿಂಚಣಿ ನಿಲ್ಲಿಸುವ ಮೊದಲು ಕಾರಣ ಬರೆದ ನೋಟಿಸು ಮನೆಗೆ ಬರಬೇಕು, ವಿಚಾರಣೆ ಊರಿನಲ್ಲಿಯೇ ನಡೆಯಬೇಕು, ನೆರೆಯವರ ಮಾತನ್ನು ದಾಖಲಿಸಬೇಕು, ಕೆಳಗೆ ಸಹಿ ಮಾಡಿದ ಅಧಿಕಾರಿಯ ಹೆಸರು ಓದುವಂತಿರಬೇಕು. ಇದರಲ್ಲಿ ಹೊಸದೇನೂ ಇಲ್ಲ. 1974ರ ಭೂನ್ಯಾಯ ಮಂಡಳಿಯ ಆದೇಶಪತ್ರವನ್ನು ಇಂದಿಗೂ ಟ್ರಂಕಿನಲ್ಲಿ ಜೋಪಾನವಾಗಿಟ್ಟುಕೊಂಡಿರುವ ಮನೆಗಳು ಸಾಗರ, ಸೊರಬ, ಹೊಸನಗರಗಳಲ್ಲಿವೆ. ಪಿಂಚಣಿ ನಿಂತುಹೋದ ಮುದುಕಿಯ ಬಳಿ ಇರುವುದು ಹಣ ಜಮೆಯಾಗದ ಪಾಸ್‌ಬುಕ್ ಮಾತ್ರ.

ಸೊಸೈಟಿಯಿಂದ ಬರಿಗೈಯಲ್ಲಿ ಹೋದ ಆ ಹೆಂಗಸು ಮೂರನೆಯ ದಿನ ಮತ್ತೆ ಬಂದರು. ಜೊತೆಗೆ ಏಳನೇ ತರಗತಿ ಓದುತ್ತಿದ್ದ ಮೊಮ್ಮಗನನ್ನು ಶಾಲೆ ಬಿಡಿಸಿ ಕರೆತಂದಿದ್ದರು, ಚೀಟಿಯಲ್ಲಿ ಅವನ ಹೆಸರೂ ಇತ್ತು. ಹುಡುಗ ಹೆಬ್ಬೆರಳು ಇಟ್ಟ, ಹಸಿರು ದೀಪ ಹತ್ತಿತು, ಅಕ್ಕಿ ತೂಗಿದರು.